ಡಿಆರ್‌ಪಿ ಮೇಲೆ ಕೊಡಗಿಗೆ ಬಂದ ಪಿಜಿಗಳ ಪರವಾಗಿ ಯಾರ ಹತ್ತಿರ, ಏನು ಕೇಳಬೇಕು?

ಪ್ರಶ್ನೆ: ಮೇಡಂ, ನಾನು ಜನರಲ್ ಮೆಡಿಸಿನ್ ಎರಡನೇ ವರ್ಷದ ಪಿಜಿ (ಸ್ನಾತಕೋತ್ತರ ವೈದ್ಯಕೀಯ ವಿದ್ಯಾರ್ಥಿ). ಪಿಜಿಗಳು ಮೂರು ತಿಂಗಳು ಜಿಲ್ಲೆಯ ಸರ್ಕಾರಿ ಆಸ್ಪತ್ರೆಯಲ್ಲಿ ಪಡೆಯಬೇಕಾದ ತರಬೇತಿ, ಅಂದರೆ ಡಿಸ್ಟ್ರಿಕ್ಟ್ ರೆಸಿಡೆನ್ಸಿ (ಡಿಆರ್‌ಪಿ) ಮೇಲೆ ಕೊಡಗಿನ ಸರ್ಕಾರಿ ಆಸ್ಪತ್ರೆಯೊಂದಕ್ಕೆ ಬಂದಿದ್ದೇನೆ. ಬೇರೆ ಬೇರೆ ಕಾಲೇಜುಗಳಿಂದ ಬಂದ ಏಳು ಜನ ಇದ್ದೇವೆ. ಯಾರೂ ಮುಂದೆ ಬರಲಿಲ್ಲವೆಂದು ನನ್ನನ್ನೇ ‘ರೆಪ್’ ಮಾಡಿದ್ದಾರೆ. ಹುಡುಗಿಯರು ಮೂವರಿಗೆ ಸೋರುವ ಒಂದೇ ಕೋಣೆ. ರಾತ್ರಿ ಕ್ಯಾಜುವಾಲ್ಟಿಯಲ್ಲಿ ಒಬ್ಬರೇ. ಸೀರಿಯಸ್ ಕೇಸ್ ಮೈಸೂರಿಗೆ ಕಳಿಸುವಾಗ ಆಂಬ್ಯುಲೆನ್ಸ್‌ನಲ್ಲಿ ನಾವೇ ಹೋಗಬೇಕು. ಒಬ್ಬನಿಗೆ ಕಾಲೇಜಿನಿಂದ ಸ್ಟೈಪೆಂಡ್ ನಿಂತಿದೆ. ಇಲ್ಲಿ ಕೇಳಿದರೆ “ಮೂರು ತಿಂಗಳು ತಾನೇ, ಅಡ್ಜಸ್ಟ್ ಮಾಡ್ಕೊಳ್ಳಿ” ಅನ್ನುತ್ತಾರೆ. ಕಾಲೇಜಿನಲ್ಲಿ “ನೀವೀಗ ಅವರ ಕೈಕೆಳಗೆ ಇದ್ದೀರಿ” ಅನ್ನುತ್ತಾರೆ. ಹೆಚ್ಚು ಮಾತಾಡಿದರೆ ಸರ್ಟಿಫಿಕೇಟ್ ತಡೆಯುತ್ತಾರೋ ಅಂತ ಭಯ. ಇಲ್ಲಿನ ಜನ, ಸಿಸ್ಟರ್‌ಗಳು ಒಳ್ಳೆಯವರು, ಜಗಳ ಬೇಡ. ಏನು ಕೇಳಬಹುದು, ಯಾರ ಹತ್ತಿರ? ಸ್ಟ್ರೈಕ್ ಕರೆ ಬಂದರೆ ನಾವೇನು ಮಾಡಬೇಕು?

ಉತ್ತರ: ಸರ್ಟಿಫಿಕೇಟಿನ ಭಯವನ್ನೇ ಮೊದಲು ತೆಗೆದುಕೊಳ್ಳೋಣ, ಯಾಕೆಂದರೆ ಉಳಿದ ಆರು ಜನರ ಬಾಯಿ ಕಟ್ಟಿರುವುದೂ ಅದೇ. ಭಯ ಸುಳ್ಳಲ್ಲ. ಡಿಆರ್‌ಪಿ ತೃಪ್ತಿಕರವಾಗಿ ಮುಗಿಸಿದರೆ ಮಾತ್ರ ಫೈನಲ್ ಪರೀಕ್ಷೆಗೆ ಕೂರಬಹುದು ಅಂತ ನಿಯಮವೇ ಇದೆ. ಆದರೆ ಆ ‘ತೃಪ್ತಿಕರ’ ಎನ್ನುವುದನ್ನು ತೀರ್ಮಾನಿಸುವಾಗ ನಿಮ್ಮ ಕೈಯಲ್ಲಿರುವ ಗಟ್ಟಿ ದಾಖಲೆ ಹಾಜರಿ ಮತ್ತು ಲಾಗ್‌ಬುಕ್. ನಿಮ್ಮ ಏಳೂ ಜನರ ಲಾಗ್‌ಬುಕ್ ಪ್ರತಿ ಶನಿವಾರ ಅಲ್ಲಿನ ಸ್ಪೆಷಲಿಸ್ಟ್ ಕೈಯಿಂದ ಸಹಿಯಾಗಲಿ. ಆಸ್ಪತ್ರೆಯ ಹಾಜರಿ ಪುಸ್ತಕದ ಪುಟವನ್ನು ತಿಂಗಳ ಕೊನೆಗೆ ಫೋಟೊ ತೆಗೆದು ನಿಮ್ಮ ನಿಮ್ಮ ಡಿಪಾರ್ಟ್‌ಮೆಂಟಿಗೆ ಮೇಲ್ ಮಾಡಿ. ಮೂರು ತಿಂಗಳದ್ದನ್ನು ಕೊನೆಯ ದಿನ ಒಟ್ಟಿಗೆ ಸಹಿ ಹಾಕಿಸಿಕೊಳ್ಳಲು ಹೋಗುವ ಪಿಜಿಯ ಜುಟ್ಟು ಇನ್ನೊಬ್ಬರ ಕೈಯಲ್ಲಿರುತ್ತದೆ. ವಾರ ವಾರ ಸಹಿಯಾದ ಪುಸ್ತಕ ಇಟ್ಟುಕೊಂಡವರನ್ನು ತಡೆಯಬೇಕಾದರೆ ಕಾರಣ ಬರೆದು ಕೊಡಬೇಕಾಗುತ್ತದೆ. ಬರೆದು ಕೊಡುವುದಕ್ಕೆ ಯಾವ ಆಡಳಿತಾಧಿಕಾರಿಯೂ ಸುಲಭಕ್ಕೆ ಒಪ್ಪುವುದಿಲ್ಲ.

ಇನ್ನು “ಮೂರು ತಿಂಗಳು ತಾನೇ” ಎಂಬ ಮಾತು. ನನ್ನನ್ನು ಕೇಳಿದರೆ ನಿಮ್ಮ ಅಷ್ಟೂ ತೊಂದರೆಯ ಬೇರು ಇದೇ. ಕೋಣೆ ಸೋರುತ್ತಿರುವುದು ನಿಮ್ಮ ಬ್ಯಾಚ್‌ಗೆ ಮಾತ್ರ ಅಲ್ಲ, ಹಿಂದಿನವರಿಗೂ ಸೋರಿರುತ್ತದೆ. ಅವರು ಮೊದಲ ತಿಂಗಳು ಊರು ತಿಳಿದುಕೊಂಡರು, ಎರಡನೇ ತಿಂಗಳು ಬೈದುಕೊಂಡರು, ಮೂರನೇ ತಿಂಗಳು ಅರ್ಜಿ ಕೊಟ್ಟರು, ಹೊರಟರು. ಅರ್ಜಿ ಟಪಾಲಿನಿಂದ ಮೇಜಿಗೆ ಬರುವ ಹೊತ್ತಿಗೆ ಕೊಟ್ಟವರೇ ಇಲ್ಲ. ಕೇಳುವವರು ಮೂರು ತಿಂಗಳಿಗೊಮ್ಮೆ ಬದಲಾಗುತ್ತಾರೆ, ಕೇಳಿಸಿಕೊಳ್ಳಬೇಕಾದವರು ಅಲ್ಲೇ ಇರುತ್ತಾರೆ ಎಂಬ ಈ ಏರ್ಪಾಟಿನಲ್ಲಿ ಯಾರು ಗೆಲ್ಲುತ್ತಾರೆಂದು ಹೇಳಬೇಕಾಗಿಲ್ಲ. ಹಾಗಾಗಿ ರೆಪ್ ಆಗಿ ನಿಮ್ಮ ಮುಖ್ಯ ಕೆಲಸ, ದೂರು ಬ್ಯಾಚಿನ ಜತೆ ಊರು ಬಿಟ್ಟು ಹೋಗದಂತೆ ನೋಡಿಕೊಳ್ಳುವುದು. ಅದು ಹೇಗೆಂದು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ಯಾವ ದೂರು ಯಾರ ಮನೆಬಾಗಿಲಿಗೆ ಎಂಬುದು ಸ್ಪಷ್ಟವಾಗಬೇಕು, ಏಕೆಂದರೆ ಈಗ ನೀವು ಎಲ್ಲವನ್ನೂ ಎಲ್ಲರ ಹತ್ತಿರವೂ ಹೇಳುತ್ತಿದ್ದೀರಿ. ಎಲ್ಲರೂ ಒಬ್ಬರ ಮೇಲೊಬ್ಬರು ಹಾಕಿ ಕೈ ತೊಳೆದುಕೊಳ್ಳುತ್ತಿದ್ದಾರೆ.

ಡಿಆರ್‌ಪಿ ಬಂದದ್ದು ಪಿಜಿ ನಿಯಮಾವಳಿಗೆ 2020ರ ಸೆಪ್ಟೆಂಬರ್‌ನಲ್ಲಿ ಆದ ತಿದ್ದುಪಡಿಯಿಂದ. ರಾಷ್ಟ್ರೀಯ ವೈದ್ಯಕೀಯ ಆಯೋಗದ (ಎನ್‌ಎಂಸಿ) 2023ರ ಪಿಜಿ ನಿಯಮಾವಳಿಯಲ್ಲೂ ಅದು ಮುಂದುವರಿದಿದೆ. ಮೂರನೇ, ನಾಲ್ಕನೇ ಅಥವಾ ಐದನೇ ಸೆಮಿಸ್ಟರ್‌ನಲ್ಲಿ ಮೂರು ತಿಂಗಳು, 50 ಹಾಸಿಗೆಗೆ ಕಡಿಮೆಯಿಲ್ಲದ ಸರ್ಕಾರಿ ಆಸ್ಪತ್ರೆಯಲ್ಲಿ. ಆ ಅವಧಿಯಲ್ಲೂ ಸ್ಟೈಪೆಂಡ್ ಕೊಡಬೇಕಾದದ್ದು ನಿಮ್ಮ ಮೂಲ ಕಾಲೇಜು, ಜಿಲ್ಲೆಯಿಂದ ಬರುವ ಹಾಜರಿ ವರದಿ ನೋಡಿಕೊಂಡು. ಖಾಸಗಿ ಕಾಲೇಜಾದರೂ ರಾಜ್ಯದ ಸರ್ಕಾರಿ ಕಾಲೇಜಿನ ಪಿಜಿಗೆ ಸಮನಾಗಿಯೇ ಕೊಡಬೇಕು. ಆ ಹುಡುಗನ ಹಣ ನಿಂತಿದ್ದರೆ ಮೊದಲು ಹಾಜರಿ ವರದಿ ಕೊಡಗಿನಿಂದ ಹೊರಟಿದೆಯೇ ಎಂದು ಗುಮಾಸ್ತರನ್ನು ಕೇಳಿ. ಎಷ್ಟೋ ಸಲ ಅಷ್ಟೇ ಆಗಿರುತ್ತದೆ, ಕಾಗದ ಫೈಲಿನಲ್ಲೇ ಮಲಗಿರುತ್ತದೆ. ಹೊರಟಿದ್ದರೆ ಅದರ ಪ್ರತಿ ಹಿಡಿದು ಪ್ರಾಂಶುಪಾಲರಿಗೆ ಬರೆಯಲಿ, ನಕಲು ವೈದ್ಯಕೀಯ ಶಿಕ್ಷಣ ನಿರ್ದೇಶನಾಲಯಕ್ಕೆ. ಇದರಲ್ಲಿ ಅಲ್ಲಿನ ಆಡಳಿತ ವೈದ್ಯಾಧಿಕಾರಿಯನ್ನು ಎಳೆಯಬೇಡಿ, ಅವರ ಕೈಯಲ್ಲಿ ಏನೂ ಇಲ್ಲ.

ಕೋಣೆ ಹಾಗಲ್ಲ. ವಸತಿ, ಓಡಾಟ, ಆಸ್ಪತ್ರೆಯಲ್ಲಿ ಭದ್ರತೆ, ಅದರಲ್ಲೂ ಮಹಿಳಾ ವೈದ್ಯರ ಭದ್ರತೆ, ಇವನ್ನು ರಾಜ್ಯ ಸರ್ಕಾರ ಒದಗಿಸಬೇಕೆಂದು ಡಿಆರ್‌ಪಿ ನಿಯಮ ಹೇಳುತ್ತದೆ. ಸರ್ಕಾರ ಅಂದರೆ ಬೆಂಗಳೂರು ಅಂದುಕೊಂಡು ಅಲ್ಲಿಗೆ ಬರೆದು ಕೂತರೆ ಮಳೆಗಾಲ ಮುಗಿದು ಹುತ್ತರಿಯೂ ಕಳೆಯುತ್ತದೆ. ಪ್ರತಿ ಸರ್ಕಾರಿ ಆಸ್ಪತ್ರೆಗೂ ಒಂದು ಆರೋಗ್ಯ ರಕ್ಷಾ ಸಮಿತಿ ಇದೆ, ತಾಲ್ಲೂಕು ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಶಾಸಕರೇ ಅಧ್ಯಕ್ಷರು. ರೋಗಿಗಳಿಂದ ಬರುವ ಬಳಕೆದಾರರ ಶುಲ್ಕ ಸೇರುವುದು ಅದಕ್ಕೇ. ಹೆಂಚು ಬದಲಾಯಿಸುವುದು, ಬಾಗಿಲಿಗೆ ಚಿಲಕ, ಗೀಸರ್, ದಾರಿಗೊಂದು ದೀಪ, ಇಂಥ ಸಣ್ಣ ಖರ್ಚಿಗೆ ಅಲ್ಲಿ ದಾರಿಯಿದೆ. “ವಸತಿ ಸರಿಯಿಲ್ಲ” ಎಂದು ಬರೆದರೆ ಯಾರಿಗೂ ಏನೂ ಮಾಡಲು ತೋಚುವುದಿಲ್ಲ. “ಕ್ವಾರ್ಟರ್ಸ್‌ನ ಇಂಥ ಕೋಣೆಯ ಪಶ್ಚಿಮದ ಗೋಡೆ ಸೋರುತ್ತದೆ, ಬಾಗಿಲಿಗೆ ಒಳಚಿಲಕ ಇಲ್ಲ, ಕ್ಯಾಜುವಾಲ್ಟಿಗೆ ಹೋಗುವ ದಾರಿಯಲ್ಲಿ ದೀಪ ಇಲ್ಲ, ಮುಂದಿನ ಸಮಿತಿ ಸಭೆಯ ವಿಷಯಪಟ್ಟಿಗೆ ಸೇರಿಸಬೇಕಾಗಿ ಕೋರುತ್ತೇವೆ” ಎಂದು ಬರೆಯಿರಿ, ಏಳೂ ಜನ ಸಹಿ ಹಾಕಿ. ಸಭೆಯ ನಡಾವಳಿಯಲ್ಲಿ ದಾಖಲಾದ ವಿಷಯ ಮುಂದಿನ ಸಭೆಗೆ ತಾನಾಗಿಯೇ ಬರುತ್ತದೆ, ನೀವಿದ್ದರೂ ಇಲ್ಲದಿದ್ದರೂ.

ಈಗ ರಾತ್ರಿ ಡ್ಯೂಟಿ. ಇದು ನಿಮ್ಮ ಪಟ್ಟಿಯಲ್ಲಿ ಮಧ್ಯದಲ್ಲೆಲ್ಲೋ ಬಂದಿದೆ, ನಾನಾದರೆ ಮೊದಲಿಗೆ ಇಡುತ್ತಿದ್ದೆ. ಕೋಣೆ ಸೋರಿದರೆ ನಿಮಗೆ ಶೀತ ಆಗುತ್ತದೆ, ಸ್ಪೆಷಲಿಸ್ಟ್ ಫೋನ್ ಎತ್ತದಿದ್ದರೆ ರೋಗಿ ಸಾಯುತ್ತಾರೆ.

ಕೊಡಗಿನ ಕ್ಯಾಜುವಾಲ್ಟಿ ಬೆಂಗಳೂರಿನ ಕ್ಯಾಜುವಾಲ್ಟಿಯ ಸಣ್ಣ ರೂಪ ಅಂತ ತಿಳಿಯಬೇಡಿ. ಅಲ್ಲಿಗೆ ಬರುವ ಕೇಸುಗಳೇ ಬೇರೆ. ಕರಿಮೆಣಸು ಕುಯ್ಯುವ ಕಾಲಕ್ಕೆ ಸಿಲ್ವರ್ ಓಕ್ ಮರದಿಂದ ಬಿದ್ದು ಬೆನ್ನುಮೂಳೆ ಮುರಿದವರು, ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಗುಲಿ ಸುಟ್ಟವರು ಬರುತ್ತಾರೆ. ಮಳೆಗಾಲದಲ್ಲಿ ಗದ್ದೆಯಿಂದ ಇಲಿಜ್ವರ. ತೋಟದ ಕಾರ್ಮಿಕರ ಲೈನ್‌ಮನೆಗಳಿಂದ ವಿಷ ಕುಡಿದವರು, ತೋಟದಿಂದ ಆನೆ ತುಳಿದವರು. ಹಾವಿನ ಕಡಿತವನ್ನೇ ನೋಡಿ. ನಮ್ಮಲ್ಲಿ ಸಿಗುವ ಪಾಲಿವೇಲೆಂಟ್ ಆಂಟಿವೆನಮ್ ನಾಗರಹಾವು, ಕಟ್ಟಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ ತಯಾರಾದದ್ದು. ಪಶ್ಚಿಮ ಘಟ್ಟದ ಕಾಫಿತೋಟಗಳಲ್ಲಿ ತರಗೆಲೆಯೊಳಗೆ ಮಲಗಿರುವ ಹಂಪ್‌ನೋಸ್ಡ್ ಪಿಟ್ ವೈಪರ್ ಕಚ್ಚಿದರೆ ಆ ಮದ್ದು ಕೆಲಸ ಮಾಡುವುದಿಲ್ಲ. ಕೈ ಊದಿರುತ್ತದೆ, ಗಾಜಿನ ಟ್ಯೂಬಿನಲ್ಲಿ ರಕ್ತ ಹಿಡಿದು 20 ನಿಮಿಷ ಬಿಟ್ಟು ಓರೆ ಮಾಡಿದರೆ ಹೆಪ್ಪುಗಟ್ಟದೆ ನೀರಿನಂತೆ ಹರಿಯುತ್ತದೆ, ಕೊಳಕುಮಂಡಲವೇ ಎಂದು ತಿಳಿದು ವೈಲ್ ಮೇಲೆ ವೈಲ್ ಏರಿಸುತ್ತ ಹೋಗುತ್ತೀರಿ, ರಕ್ತ ಹೆಪ್ಪುಗಟ್ಟುವುದೇ ಇಲ್ಲ, ಇತ್ತ ಮೂತ್ರಪಿಂಡ ಕೈಕೊಡುತ್ತದೆ. ಎಲ್ಲಿ ನಿಲ್ಲಿಸಬೇಕು, ಯಾವಾಗ ಡಯಾಲಿಸಿಸ್ ಇರುವ ಕಡೆ ಕಳಿಸಬೇಕು ಎಂಬುದು ಅಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಫಿಸಿಶಿಯನ್‌ಗೆ ಗೊತ್ತಿರುತ್ತದೆ. ಕಡಿತದ ಕೇಸನ್ನು ವರದಿ ಮಾಡುವುದು 2024ರಿಂದ ರಾಜ್ಯದಲ್ಲಿ ಕಡ್ಡಾಯ, ಇದೂ ನಿಮ್ಮ ಕಲಿಕೆಯ ಭಾಗವೇ. ಮೂರು ತಿಂಗಳು ನಿಮ್ಮನ್ನು ಅಲ್ಲಿಗೆ ಕಳಿಸಿರುವುದು ಇದನ್ನು ಅವರ ಪಕ್ಕ ನಿಂತು ಕಲಿಯಲಿ ಎಂದು. ಅವರು ಇಲ್ಲದ ಹೊತ್ತಿಗೆ ಖಾಲಿ ಕುರ್ಚಿ ತುಂಬಲಿ ಎಂದಲ್ಲ.

ಇಲ್ಲೊಂದು ಗೊಂದಲ ಬಹಳ ಕಡೆ ಇದೆ. ರಾಜ್ಯದ 2012ರ ಕಾಯ್ದೆಯ ಕಡ್ಡಾಯ ಸೇವೆಗೆ ಬರುವ ವೈದ್ಯರೂ ಡಿಆರ್‌ಪಿ ಮೇಲೆ ಬರುವವರೂ ಒಂದೇ ಎಂದು ಆಸ್ಪತ್ರೆಗಳು ತಿಳಿದಿರುತ್ತವೆ. ಕಡ್ಡಾಯ ಸೇವೆಯವರು ಕೋರ್ಸ್ ಮುಗಿಸಿ ಹುದ್ದೆಗೆ ನೇಮಕಗೊಂಡು ಸಂಬಳ ತೆಗೆದುಕೊಳ್ಳುತ್ತಾರೆ. ನೀವು ವಿದ್ಯಾರ್ಥಿಗಳು. ನಿಮ್ಮ ಹೆಸರಿನಲ್ಲಿ ಅಲ್ಲಿ ಹುದ್ದೆ ಇಲ್ಲ, ಮೇಲ್ವಿಚಾರಣೆ ಇರಲೇಬೇಕು. ರಾತ್ರಿ ಡ್ಯೂಟಿ ನಿಮ್ಮ ತರಬೇತಿಯಲ್ಲಿ ಸೇರಿದೆ, “ಮಾಡುವುದಿಲ್ಲ” ಅನ್ನಲು ಬರುವುದಿಲ್ಲ, ಅನ್ನಲೂ ಬಾರದು. ಕೇಳಬೇಕಾದದ್ದು ಇಷ್ಟು: ತಿಂಗಳ ಡ್ಯೂಟಿ ಪಟ್ಟಿಯಲ್ಲಿ ಪ್ರತಿ ರಾತ್ರಿಯ ಎದುರು ಆನ್‌ಕಾಲ್ ಸ್ಪೆಷಲಿಸ್ಟ್ ಹೆಸರು ಮತ್ತು ನಂಬರ್ ಇರಬೇಕು. ಅವರ ಹತ್ತಿರ ಮಾತಾಡಿದ ಸಮಯವನ್ನು ಕೇಸ್ ಶೀಟಿನಲ್ಲಿ ನೀವು ಬರೆಯುತ್ತೀರಿ. “ರಾತ್ರಿ 1.40ಕ್ಕೆ ಸರ್ ಜತೆ ಚರ್ಚಿಸಲಾಗಿದೆ, ಸಲಹೆ ಇಂತಿಂಥದ್ದು.” ಫೋನ್ ಎತ್ತದಿದ್ದರೆ ಅದನ್ನೂ ಅಷ್ಟೇ ತಣ್ಣಗೆ ಬರೆಯಿರಿ, ಟೀಕೆ ಬೇಡ. ಎಂಬಿಬಿಎಸ್ ನೋಂದಣಿ ನಿಮ್ಮ ಹೆಸರಿನಲ್ಲಿದೆ, ನಾಳೆ ಪ್ರಶ್ನೆ ಬಂದರೆ ಮೊದಲು ಕೇಳುವುದು ನಿಮ್ಮನ್ನೇ. ಒಂದು ವಾರ ಹೀಗೆ ಬರೆದು ನೋಡಿ, ಫೋನ್‌ಗಳು ಎತ್ತಲ್ಪಡುತ್ತವೆ.

ಮಳೆಗಾಲಕ್ಕೆ ಇದೂ ಸಾಲದು. ಜುಲೈ–ಆಗಸ್ಟ್‌ನಲ್ಲಿ ಕರೆಂಟು ಹೋಗಿ ಟವರ್‌ನ ಡೀಸೆಲ್ ಮುಗಿದರೆ ಮೊಬೈಲ್ ಬರೀ ಟಾರ್ಚ್. ಅಂಥ ರಾತ್ರಿಗೆ ಏನು ಮಾಡಬೇಕೆಂದು ಈಗಲೇ ಸ್ಪೆಷಲಿಸ್ಟರ ಜತೆ ಕೂತು ಒಂದೊಂದು ಪುಟ ಬರೆಸಿಕೊಳ್ಳಿ. ಹಾವಿನ ಕಡಿತ, ವಿಷಪ್ರಾಶನ, ಎದೆನೋವು, ಹೆರಿಗೆಯ ರಕ್ತಸ್ರಾವ: ಮೊದಲ ಗಂಟೆಯಲ್ಲಿ ಏನು, ಯಾವಾಗ ಕಳಿಸುವುದು, ಎಲ್ಲಿಗೆ ಕಳಿಸುವುದು. ಅವರ ಸಹಿ ಹಾಕಿಸಿ ಕ್ಯಾಜುವಾಲ್ಟಿ ಗೋಡೆಗೆ ಅಂಟಿಸಿ. ಲ್ಯಾಂಡ್‌ಲೈನ್ ಇದೆಯೇ, ನಡೆಯುತ್ತಿದೆಯೇ ನೋಡಿ. ಇಲ್ಲದಿದ್ದರೆ ಕೋಣೆಯ ಹೆಂಚಿಗಿಂತ ಮೊದಲು ಅದನ್ನೇ ಸಮಿತಿಗೆ ಹಾಕಿ.

ಆಂಬ್ಯುಲೆನ್ಸ್ ವಿಷಯದಲ್ಲಿ ನಿಮ್ಮ ದೂರು ಸರಿ, ಕಾರಣ ಮಾತ್ರ ಅರ್ಧ. ಕೊಡಗಿಗೆ ರೈಲಿಲ್ಲ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ., ಮಂಗಳೂರು ಅದಕ್ಕಿಂತ ದೂರ, ಮಧ್ಯೆ ಸಂಪಾಜೆ ಘಾಟಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಆ ರಸ್ತೆಯೇ ಕೊಚ್ಚಿಹೋಗಿತ್ತು. ವೆಂಟಿಲೇಶನ್ ಬೇಕಾದ ರೋಗಿಯ ಜತೆ ವೈದ್ಯರು ಹೋಗಬೇಕು, ಅದರಲ್ಲಿ ಎರಡು ಮಾತಿಲ್ಲ. ಪ್ರಶ್ನೆ ಇರುವುದು, ನೀವು ಮೈಸೂರಿಗೆ ಹೋಗಿ ಬರುವ ಅಷ್ಟೂ ಹೊತ್ತು ವಾರ್ಡ್ ಯಾರ ಕೈಯಲ್ಲಿ ಎಂಬುದು. ಇದನ್ನು ನಿಮ್ಮ ಕಷ್ಟವಾಗಿ ಹೇಳಬೇಡಿ, ವಾರ್ಡಿನ ಕಷ್ಟವಾಗಿ ಹೇಳಿ. “ಎಸ್ಕಾರ್ಟ್‌ಗೆ ಯಾರು, ಆಗ ವಾರ್ಡಿಗೆ ಬದಲಿ ಯಾರು” ಎಂಬ ಎರಡು ಕಾಲಂ ಡ್ಯೂಟಿ ಪಟ್ಟಿಯಲ್ಲಿ ಸೇರಿಸಿ ಎಂದು ಕೇಳಿ. ಹೋಗುವವರು 108ರಲ್ಲಿ ಆಕ್ಸಿಜನ್ ಸಿಲಿಂಡರ್ ಎಷ್ಟು ತುಂಬಿದೆ ಎಂದು ಸ್ವತಃ ನೋಡಿ ಹತ್ತಲಿ. ಮರುದಿನ ಅವರಿಗೆ ಓಪಿಡಿ ಬೇಡ. ರಾತ್ರಿಯಿಡೀ ಘಾಟಿ ಇಳಿದು ಹತ್ತಿದವರು ಬೆಳಿಗ್ಗೆ ಸಂತೆ ದಿನದ ಓಪಿಡಿ ನೋಡಿದರೆ ಯಾರಿಗೂ ಒಳ್ಳೆಯದಾಗುವುದಿಲ್ಲ.

ಕೆಲಸದ ಗಂಟೆಗಳ ಬಗ್ಗೆ ನೀವು ಕೇಳಿಲ್ಲ, ಆದರೆ ನಿಮ್ಮವರು ಯಾರಾದರೂ ಎತ್ತಿಯೇ ಎತ್ತುತ್ತಾರೆ. 1992ರ ಕೇಂದ್ರದ ರೆಸಿಡೆನ್ಸಿ ಸುತ್ತೋಲೆ ವಾರಕ್ಕೆ 48 ಗಂಟೆ, ಒಮ್ಮೆಗೆ 12 ಗಂಟೆ ಎಂದಿತ್ತು. 2024ರಲ್ಲಿ ಎನ್‌ಎಂಸಿಯ ಮಾನಸಿಕ ಆರೋಗ್ಯ ಕಾರ್ಯಪಡೆ ವಾರಕ್ಕೆ 74 ಗಂಟೆ ಮೀರಬಾರದೆಂದು ಶಿಫಾರಸು ಮಾಡಿತು. 2023ರ ನಿಯಮಾವಳಿ ಮಾತ್ರ ಗಂಟೆ ಹೇಳದೆ “ಸಮಂಜಸ” ಎಂಬ ಪದ ಬಳಸಿದೆ, ಜತೆಗೆ ವಾರದ ಒಂದು ರಜೆ, ವರ್ಷಕ್ಕೆ 20 ದಿನ ಕ್ಯಾಜುವಲ್ ರಜೆ. ಇಷ್ಟು ಸಡಿಲ ಪದದ ಮೇಲೆ ಜಿಲ್ಲೆಯಲ್ಲಿ ಕಾದಾಡಿ ಪ್ರಯೋಜನವಿಲ್ಲ ಎಂಬುದು ನನ್ನ ಅಭಿಪ್ರಾಯ. ಅದು ಬೆಂಗಳೂರಿನಲ್ಲಿ ಕರ್ನಾಟಕ ಅಸೋಸಿಯೇಷನ್ ಆಫ್ ರೆಸಿಡೆಂಟ್ ಡಾಕ್ಟರ್ಸ್ ಮಾಡಬೇಕಾದ ಕೆಲಸ. ನೀವು ವಾರದ ರಜೆ, ರಾತ್ರಿ ಡ್ಯೂಟಿಯ ಮರುದಿನದ ಬಿಡುವು ಇವೆರಡನ್ನೇ ಗಟ್ಟಿಯಾಗಿ ಹಿಡಿಯಿರಿ. ಯಾರಾದರೂ ನಿದ್ದೆ ಬಿಟ್ಟು, ಮಾತು ಬಿಟ್ಟು ಮಂಕಾಗಿ ಕೂತಿದ್ದರೆ 14416, ಟೆಲಿ ಮಾನಸ್, ಹಗಲು ರಾತ್ರಿ ಸಿಗುತ್ತದೆ. ರೆಪ್ ಆದವರು ಆ ನಂಬರ್ ಕೊಟ್ಟು ಸುಮ್ಮನಾಗಬಾರದು, ಅವರ ಡಿಪಾರ್ಟ್‌ಮೆಂಟಿನ ನಂಬಿಕಸ್ಥ ಮೇಷ್ಟ್ರೊಬ್ಬರಿಗೆ ಅವರ ಒಪ್ಪಿಗೆ ಪಡೆದು ತಿಳಿಸಬೇಕು.

ಹಲ್ಲೆಯ ಬಗ್ಗೆ ಇಷ್ಟೇ ಹೇಳುತ್ತೇನೆ. ರಾಜ್ಯದಲ್ಲಿ ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಿಂಸೆ ತಡೆಯಲು 2009ರ ಕಾಯ್ದೆ ಇದೆ, ಅದರಡಿ ಅಪರಾಧ ಜಾಮೀನುರಹಿತ. ಕೋಲ್ಕತ್ತದ ಆಸ್ಪತ್ರೆಯಲ್ಲಿ ಪಿಜಿ ವೈದ್ಯೆಯ ಅತ್ಯಾಚಾರ, ಕೊಲೆ ನಡೆದ ನಂತರ 2024ರ ಆಗಸ್ಟ್‌ನಲ್ಲಿ ಕೇಂದ್ರ ಹೊರಡಿಸಿದ ಸೂಚನೆಯಲ್ಲಿ, 6 ಗಂಟೆಯೊಳಗೆ ಸಂಸ್ಥೆಯ ಮುಖ್ಯಸ್ಥರೇ ದೂರು ದಾಖಲಿಸಬೇಕು ಎಂದಿದೆ. ದೂರು ಕೊಡುವುದು ಪೆಟ್ಟು ತಿಂದ ಪಿಜಿಯ ತಲೆಗೆ ಬೀಳಬಾರದು ಎಂಬುದೇ ಅದರ ತಾತ್ಪರ್ಯ. ಅದೊಂದು ಪ್ರತಿ ನಿಮ್ಮ ಫೈಲಿನಲ್ಲಿರಲಿ. ಲೈಂಗಿಕ ಕಿರುಕುಳದ ದೂರಿಗೆ ಆಸ್ಪತ್ರೆಯ ಆಂತರಿಕ ಸಮಿತಿ ಯಾವುದು, ಸದಸ್ಯರು ಯಾರು ಎಂಬ ಫಲಕ ಕಾಣುವ ಕಡೆ ಇದೆಯೇ ಎಂದೂ ನೋಡಿ. ಇಲ್ಲದಿದ್ದರೆ ಹಾಕಿಸಿ. ಜಿಲ್ಲಾ ಮಟ್ಟದಲ್ಲೂ ಒಂದು ಸ್ಥಳೀಯ ಸಮಿತಿ ಇರುತ್ತದೆ.

ಈಗ ಈ ಎಲ್ಲವನ್ನೂ ಕೇಳುವ ಬಗೆ. ಅಲ್ಲಿನ ಸ್ಪೆಷಲಿಸ್ಟರನ್ನು ಎದುರಾಳಿ ಎಂದು ಕಾಣಬೇಡಿ. ನಿಮ್ಮ ಮೂರು ತಿಂಗಳನ್ನು ಅವರು ವರ್ಷಗಳಿಂದ ಅನುಭವಿಸುತ್ತಿದ್ದಾರೆ, ಆನ್‌ಕಾಲ್ ಬದಲಿಗೆ ಅವರಿಗೂ ಯಾರೂ ಇಲ್ಲ. ಅವರು ಎಷ್ಟೋ ಸಲ ಕೇಳಿ ಬಿಟ್ಟ ಲ್ಯಾಂಡ್‌ಲೈನ್, ಇಸಿಜಿ ಪೇಪರ್ “ಪಿಜಿ ತರಬೇತಿಗೆ ಅಗತ್ಯ” ಎಂಬ ಹೆಸರಿನಲ್ಲಿ ಬಂದರೆ ಅವರಿಗೂ ಲಾಭ. ಮೊದಲು ಅವರ ಜತೆ ಕಾಫಿ ಕುಡಿಯುತ್ತ ನಿಮ್ಮ ಪಟ್ಟಿ ತೋರಿಸಿ. ಅವರೇ ಒಂದೆರಡು ಸೇರಿಸುತ್ತಾರೆ. ಆಮೇಲೆ ಜಿಲ್ಲೆಯಲ್ಲಿ ಈ ತರಬೇತಿಯ ಉಸ್ತುವಾರಿ ನೋಡುವ ಡಿಆರ್‌ಪಿ ಕೋಆರ್ಡಿನೇಟರ್ ಹತ್ತಿರ ತಿಂಗಳಿಗೊಂದು ಅರ್ಧ ಗಂಟೆ ಕೇಳಿ. ಬಾಯಿಮಾತಿಗೆ ಮುಗಿಸಬೇಡಿ. ಸಭೆ ಮುಗಿದ ಸಂಜೆಯೇ “ಇವತ್ತು ಮಾತಾಡಿದ್ದು ಇದು, ತಾವು ಒಪ್ಪಿದ್ದು ಇದು” ಎಂದು ವಿನಯದಿಂದ ಮೇಲ್ ಕಳಿಸಿ, ನಿಮ್ಮ ಏಳೂ ಜನರ ವಿಭಾಗ ಮುಖ್ಯಸ್ಥರಿಗೆ ನಕಲು ಹಾಕಿ. ಡಿಆರ್‌ಪಿ ಸಮಯದಲ್ಲೂ ನಿಮ್ಮ ವಿಭಾಗ ನಿಮ್ಮ ಜತೆ ಫೋನ್, ಆನ್‌ಲೈನ್ ಮೂಲಕ ಸಂಪರ್ಕದಲ್ಲಿದ್ದು ಓದಿನ ಮಾರ್ಗದರ್ಶನ ಕೊಡಬೇಕೆಂದು ನಿಯಮವಿದೆ. “ಅವರ ಕೈಕೆಳಗೆ” ಎಂದು ಕಾಲೇಜು ನುಣುಚಿಕೊಳ್ಳಲು ಬರುವುದಿಲ್ಲ. ವಾರದ ಕ್ಲಾಸಿಗೆ ಆನ್‌ಲೈನ್ ಸೇರಿ, ಅಲ್ಲಿ ಕೊಡಗಿನ ಹಾವಿನ ಕೇಸ್ ಪ್ರಸೆಂಟ್ ಮಾಡಿ. ನಿಮ್ಮ ಮೇಷ್ಟ್ರಿಗೆ ಅಲ್ಲಿನ ಪರಿಸ್ಥಿತಿ ದೂರುಪತ್ರಕ್ಕಿಂತ ಬೇಗ ಅರ್ಥವಾಗುತ್ತದೆ.

ಇನ್ನೊಂದು ಬಿಕ್ಕಟ್ಟು ಭಾಷೆಯದ್ದು. ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ಹಾಡಿಯಿಂದ ಬರುವ ಎರವರ ಮಾತು, ಅಸ್ಸಾಮಿನಿಂದ ಬಂದ ಕಾರ್ಮಿಕರ ಮುರುಕು ಹಿಂದಿ, ಇಷ್ಟೂ ಒಂದೇ ಓಪಿಡಿಯಲ್ಲಿ. ಉತ್ತರ ಭಾರತದಿಂದ ಬಂದ ಪಿಜಿ ನಿಮ್ಮಲ್ಲಿದ್ದರೆ ಅವರನ್ನು ರಾತ್ರಿ ಒಂಟಿಯಾಗಿ ಹಾಕಬೇಡಿ ಎಂದು ಕೇಳುವುದು ಪೂರ್ತಿ ನ್ಯಾಯ. ಮಾತು ತಿಳಿಯದೆ ತೆಗೆದುಕೊಂಡ ಒಪ್ಪಿಗೆ ಒಪ್ಪಿಗೆಯಲ್ಲ.

ಸ್ಟ್ರೈಕ್ ಕರೆ ಬಂದರೆ ನನ್ನ ಸಲಹೆ ನಿಮ್ಮ ಗೆಳೆಯರಿಗೆ ಇಷ್ಟವಾಗಲಿಕ್ಕಿಲ್ಲ. ದೊಡ್ಡ ಕಾಲೇಜಿನಲ್ಲಿ ಪಿಜಿಗಳು ಹೊರಬಂದರೆ ಒಳಗೆ ಪ್ರೊಫೆಸರ್, ಅಸಿಸ್ಟೆಂಟ್ ಪ್ರೊಫೆಸರ್ ಇರುತ್ತಾರೆ. ನೀವಿರುವ ಕಡೆ ನೀವು ಎದ್ದರೆ ಆ ರಾತ್ರಿ ಯಾರೂ ಇಲ್ಲ, ಮುಂದಿನ ಆಸ್ಪತ್ರೆ ಘಾಟಿಯಾಚೆ. ಸಂಘಟನೆಗೆ ಬೆಂಬಲ ಪತ್ರ ಕೊಡಿ, ಕಪ್ಪು ಪಟ್ಟಿ ಕಟ್ಟಿ, ಆಡಳಿತ ವೈದ್ಯಾಧಿಕಾರಿಗೆ ಮುಂಚಿತವಾಗಿ ಬರೆದು ತಿಳಿಸಿ. ಕ್ಯಾಜುವಾಲ್ಟಿ, ಲೇಬರ್ ರೂಮ್ ಬಿಡಬೇಡಿ. ಓಪಿಡಿ ಬಿಡುವುದೂ ಅಲ್ಲಿ ಬೇಡ ಅನ್ನುತ್ತೇನೆ. ಹಾಡಿಯಿಂದ ದಿನದ ಕೂಲಿ ಬಿಟ್ಟು, ಜೀಪಿಗೆ ದುಡ್ಡು ಕೊಟ್ಟು ಬಂದವರು ಮತ್ತೆ ಬರುವುದಿಲ್ಲ. ಸಿಕಲ್ ಸೆಲ್ ಇರುವ ಮಗುವನ್ನು ತಾಯಿ ಮುಂದಿನ ಸಲ ಕರೆತರುವುದು ನೋವು ಮಿತಿಮೀರಿದ ಮೇಲೆಯೇ.

ಕೊನೆಯದಾಗಿ ಮೊದಲೇ ಹೇಳಿದ ಆ ಕೆಲಸ, ದೂರು ಬ್ಯಾಚಿನ ಜತೆ ಹೋಗದಂತೆ ನೋಡಿಕೊಳ್ಳುವುದು. ಒಂದು ದಪ್ಪ ರೂಲ್ಡ್ ಪುಸ್ತಕ ಕೊಳ್ಳಿ, ಗೂಗಲ್ ಡ್ರೈವ್ ಬೇಡ, ಅಲ್ಲಿನ ನೆಟ್ ನಿಮಗೇ ಗೊತ್ತು. ಏನು ಕೇಳಿದಿರಿ, ಯಾವ ತಾರೀಖು, ಯಾರಿಗೆ, ಟಪಾಲು ಸ್ವೀಕೃತಿ ಸಂಖ್ಯೆ ಏನು, ಏನು ಉತ್ತರ ಬಂತು, ಎಲ್ಲ ಬರೆಯಿರಿ. ಲ್ಯಾಬ್ ಎಷ್ಟು ಗಂಟೆಗೆ ಮುಚ್ಚುತ್ತದೆ, ರಕ್ತ ಎಲ್ಲಿಂದ ತರಿಸಬೇಕು, ಯಾವ ಸಿಸ್ಟರ್‌ಗೆ ಎರವ ಭಾಷೆ ಬರುತ್ತದೆ ಎಂಬುದೂ ಅದರಲ್ಲಿರಲಿ. ಹೊಸ ಬ್ಯಾಚ್ ಬಂದಾಗ ಆಸ್ಪತ್ರೆಯ ವಿಷಯ ತಿಳಿಸಲು ಒಂದು ದಿನದ ಓರಿಯೆಂಟೇಶನ್ ನಡೆಸಬೇಕಾದದ್ದು ಕೋಆರ್ಡಿನೇಟರ್. ಆ ದಿನ ಹಳೆಯ ಬ್ಯಾಚಿನ ರೆಪ್ ಹೊಸಬರಿಗೆ ಈ ಪುಸ್ತಕ ಒಪ್ಪಿಸುವುದು ಕಾರ್ಯಕ್ರಮದ ಭಾಗವಾಗಲಿ ಎಂದು ಅವರನ್ನೇ ಕೇಳಿ. ಎರಡು ಬ್ಯಾಚ್‌ಗಳ ದಿನ ಒಂದರ ಮೇಲೊಂದು ಬರದಿದ್ದರೆ ಪುಸ್ತಕ ನರ್ಸಿಂಗ್ ಸೂಪರಿಂಟೆಂಡೆಂಟ್ ಕೈಯಲ್ಲಿರಲಿ, ಅವರು ವರ್ಗವಾಗುವುದು ವೈದ್ಯರಿಗಿಂತ ಕಡಿಮೆ. ನಿಮ್ಮ ನಿಮ್ಮ ಕಾಲೇಜಿನಲ್ಲೂ ಡಿಆರ್‌ಪಿಗೆಂದೇ ಮೂರನೇ ವರ್ಷದ ಒಬ್ಬ ಪಿಜಿಯನ್ನು ಗೊತ್ತುಮಾಡಿ. ಮುಂದಿನ ವರ್ಷ ಅದು ನೀವೇ ಆಗಿ.

ಮೊದಲ ಪತ್ರದಲ್ಲಿ ಎಲ್ಲ ತುಂಬಬೇಡಿ. ಆನ್‌ಕಾಲ್ ಹೆಸರು, ಎಸ್ಕಾರ್ಟ್‌ಗೆ ಬದಲಿ, ಲ್ಯಾಂಡ್‌ಲೈನ್, ಚಿಲಕ, ದೀಪ ಸಾಕು. ಹೆಂಚಿಗೆ ಮಳೆ ನಿಲ್ಲುವವರೆಗೆ ಕಾಯಬೇಕಾಗುತ್ತದೆ, ಅಲ್ಲಿಯವರೆಗೆ ಟಾರ್ಪಾಲು ಹಾಕಿಸಿಕೊಳ್ಳಿ.